ಅಪ್‌ಡೇಟ್: ಅಮ್ಮನಿಗೆ ಜುಕಿನಿ ಒಗ್ಗಿತು

ತೂಕ ಇಳಿಸುವ ಸರ್ಜರಿ ಆದ ಅಮ್ಮನಿಗೆ ಜುಕಿನಿ (ಸೌತೆಕಾಯಿ ತರ ಕಾಣುವ, ಕುಂಬಳ ಜಾತಿಯ ತರಕಾರಿ) ಹೇಗೆ ಮಾಡಿಕೊಡಲಿ ಅಂತ ಕೇಳಿದ್ದೆ, ಅಲ್ವಾ? ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಡಾಕ್ಟರ್ ಮೆತ್ತಗಿನ ಊಟಕ್ಕೆ ಒಪ್ಪಿದ ಮೇಲೆ ಶುರು ಮಾಡಿದೆವು.

ಅಮ್ಮನಿಗೆ ಹಿಡಿಸಿದ್ದು ಹಬೆಯಲ್ಲಿ ಬೇಯಿಸಿದ್ದು. ಸಿಪ್ಪೆ, ಬೀಜ ತೆಗೆದು ತುರಿದು, ಚಿಟಿಕೆ ಉಪ್ಪು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಜುಕಿನಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಆಮೇಲೆ ಮೊಟ್ಟೆ ಒಡೆದು ಕಲಸಿ ಪಾಪುಟ್ಟು (ಅಕ್ಕಿ ತರಿಯ ಹಬೆ ತಿಂಡಿ) ಮಾಡುವ ತಟ್ಟೆಯಲ್ಲಿ ಹಬೆಗಿಡಿ. ಚುಚ್ಚಿದ ಕಡ್ಡಿ ಒಣಗಿ ಬಂದರೆ ಬೆಂದಿದೆ. ತೋಟದ ಕಾಳುಮೆಣಸು ಒಂಚೂರು ಸಾಕು.

ಬರೀ ಜುಕಿನಿಯಲ್ಲಿ ಪ್ರೋಟೀನ್ ತೀರಾ ಕಡಿಮೆ, ಹಾಗಾಗಿ ಮೊಟ್ಟೆ ಬೇಕೇ ಬೇಕು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟೇ ಕೊಡುತ್ತೇವೆ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಸದ್ಯಕ್ಕೆ ದೂರ, ಜಾಸ್ತಿ ಹುಳಿ ಅಲ್ವಾ. ಮಡಿಕೇರಿಯಲ್ಲಿ ಜುಕಿನಿ ಸಿಗದಿದ್ದಾಗ ಎಳೆ ಸೋರೆಕಾಯಿಯಲ್ಲೂ ಮಾಡಿದೆ. ಅದೂ ಚೆನ್ನಾಗೇ ಬಂತು.