ವರ್ಸ್ಟೆಡ್‌ಗೆ ಬರೆದ ಪ್ಯಾಟರ್ನ್, ಕೈಯಲ್ಲಿರುವುದು ಡಿಕೆ ಉಲ್ಲನ್: ಮಾಡಿ ನೋಡಿದವರು ಹೇಳಿ

ಅಪ್ಪನಿಗೆ ರಾಗ್ಲಾನ್ ತೋಳಿನ (ಕಂಕುಳಿನಿಂದ ಕೊರಳಿಗೆ ಓರೆಯಾಗಿ ಸೇರುವ ತೋಳು) ಸ್ವೆಟರ್ ಹೆಣೆಯಬೇಕೆಂದಿದ್ದೇನೆ. ಕೆಳಗಿನಿಂದ ಮೇಲಕ್ಕೆ ಸುತ್ತುಸುತ್ತಾಗಿ ಹೆಣೆಯುವ ಪ್ಯಾಟರ್ನ್. ಅದರಲ್ಲಿರುವುದು ವರ್ಸ್ಟೆಡ್ ಎಂಬ ಮಧ್ಯಮ ದಪ್ಪದ ಉಲ್ಲನ್, 5 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 18 ಕುಣಿಕೆ, 24 ಸಾಲು. ನನ್ನ ಬಳಿ ಇರುವುದು ಅದಕ್ಕಿಂತ ತೆಳ್ಳಗಿನ ಡಿಕೆ. ಎದೆಸುತ್ತಳತೆ 100 ಸೆಂ.ಮೀ. ಬರಬೇಕು. ಕಡ್ಡಿ ಬದಲಿಸಿದರೆ ಸಾಕೇ, ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕೇ?

ಮಡಿಕೇರಿಯಿಂದ:

ದಪ್ಪ ಕಡ್ಡಿ ಹಿಡಿದು ಡಿಕೆಯನ್ನೂ 18 ಕುಣಿಕೆಗೆ ತರಬಹುದು. ಆದರೆ ಹೆಣಿಗೆ ಜಾಳುಜಾಳಾಗಿ, ಮೊಣಕೈಯ ಬಳಿ ಜೋತುಬೀಳುತ್ತದೆ. ಶಾಲಿಗೆ ಅದು ಚೆಂದ, ಸ್ವೆಟರಿಗೆ ಖಂಡಿತ ಬೇಡ. 4 ಮಿ.ಮೀ. ಕಡ್ಡಿಯಲ್ಲಿ 15 ಸೆಂ.ಮೀ. ಅಗಲದ ತುಂಡೊಂದನ್ನು ಹೆಣೆದು, ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಟವೆಲ್ ಮೇಲೆ ಹರಡಿ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆಯಿರಿ. ಡಿಕೆಯಲ್ಲಿ ಸಾಮಾನ್ಯವಾಗಿ 21ರಿಂದ 24 ಕುಣಿಕೆ ಬರುತ್ತದೆ.

ನಿಮಗೆ 22 ಬಂತು ಎನ್ನೋಣ. ಪ್ಯಾಟರ್ನಿನಲ್ಲಿ 100 ಸೆಂ.ಮೀ. ಎದೆಗೆ 180 ಕುಣಿಕೆ ಇರುತ್ತದೆ. ಅಷ್ಟನ್ನೇ ಡಿಕೆಯಲ್ಲಿ ಹಾಕಿದರೆ ಸ್ವೆಟರ್ 82 ಸೆಂ.ಮೀ.ಗೆ ನಿಲ್ಲುತ್ತದೆ. ನಿಮಗೆ ಬೇಕಾದದ್ದು 220. ಅದೇ ಪ್ಯಾಟರ್ನಿನ ದೊಡ್ಡ ಅಳತೆಗಳ ಮೇಲೆ ಕಣ್ಣಾಡಿಸಿ, 122 ಸೆಂ.ಮೀ. ಎದೆಗೆ ಕೊಟ್ಟಿರುವುದು ಹೆಚ್ಚುಕಡಿಮೆ 220 ಕುಣಿಕೆಯೇ ಆಗಿರುತ್ತದೆ. ಕುಣಿಕೆಯ ಸಂಖ್ಯೆಗಳನ್ನೆಲ್ಲ ಆ ಅಳತೆಯಿಂದ ತೆಗೆದುಕೊಳ್ಳಿ, ಉದ್ದಗಳನ್ನು 100ರ ಅಳತೆಯಿಂದ ತೆಗೆದುಕೊಳ್ಳಿ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಅರ್ಧ ಎಂದದ್ದಕ್ಕೆ ಕಾರಣವಿದೆ. ಕುಣಿಕೆಯ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಸ್ವೆಟರ್ ಕೈಕೊಡುವುದು ಸಾಲಿನ ಲೆಕ್ಕದಲ್ಲಿ. ಮೈ ಭಾಗವನ್ನು ಟೇಪ್ ಹಿಡಿದು ಬೇಕಾದಷ್ಟು ಉದ್ದ ಹೆಣೆಯಬಹುದು. ಯೋಕ್, ಅಂದರೆ ಮೈ ಮತ್ತು ತೋಳು ಕೂಡಿ ಕಂಕುಳಿನಿಂದ ಕೊರಳವರೆಗೆ ಹೋಗುವ ಭಾಗ, ಹಾಗಲ್ಲ. ಎಷ್ಟು ಸುತ್ತಿಗೊಮ್ಮೆ ಕುಣಿಕೆ ಕಳೆಯಬೇಕೆಂದು ಅಲ್ಲಿ ಬರೆದಿಟ್ಟಿರುತ್ತದೆ. 10 ಸೆಂ.ಮೀ.ಗೆ ನಿಮ್ಮ ಸಾಲು 30ರ ಆಸುಪಾಸಿನಲ್ಲಿದ್ದರೆ ಕಣ್ಣುಮುಚ್ಚಿ ಮುಂದುವರಿಯಿರಿ. ಹೆಚ್ಚು ಬಂದರೆ ಯೋಕ್ ಗಿಡ್ಡವಾಗಿ ಕಂಕುಳು ಹಿಡಿಯುತ್ತದೆ. ತುಂಡು ಅಳೆದು ಎರಡೂ ಸಂಖ್ಯೆಗಳನ್ನು ಇಲ್ಲಿ ಬರೆಯಿರಿ.

ಬೆಂಗಳೂರಿನಿಂದ:

ಅಕ್ಕ ಹೇಳಿದ್ದೆಲ್ಲ ಸರಿ. ಕೊಳ್ಳುವ ಮುನ್ನ ಇನ್ನಷ್ಟು ನೋಡಿಕೊಳ್ಳಿ. ಕಡ್ಡಿಯ ನಂಬರ್ ನಂಬಬೇಡಿ, ಮಿ.ಮೀ. ಕೇಳಿ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರಿನ ಕಡ್ಡಿಗಳು ಇನ್ನೂ ಸಿಗುತ್ತವೆ. ಅದರಲ್ಲಿ 8 ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5 ಮಿ.ಮೀ. ಬ್ರಿಟಿಷ್ ನಂಬರ್ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ, ಅಮೆರಿಕದ್ದು ಅದಕ್ಕೆ ತಿರುಗುಮುರುಗು. ಉಲ್ಲನ್ನಿನ ಪ್ಲೈ ಕೂಡ ಅಷ್ಟೇ. ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಎಂಬುದರಿಂದ ದಾರದ ದಪ್ಪ ತಿಳಿಯುವುದಿಲ್ಲ.

ಇನ್ನೊಂದು, ಗ್ರಾಂ ನೋಡಿ ಕೊಳ್ಳಬೇಡಿ, ಮೀಟರ್ ನೋಡಿ. ತೆಳ್ಳಗಿನ ದಾರದಲ್ಲಿ ಅದೇ ಅಳತೆಯ ಸ್ವೆಟರಿಗೆ ಉದ್ದ ಹೆಚ್ಚು ಬೇಕು. ಪ್ಯಾಟರ್ನ್ 1000 ಮೀಟರ್ ಎಂದಿದ್ದರೆ ನೀವು 1250 ಇಟ್ಟುಕೊಳ್ಳಿ. ಎಲ್ಲ ಉಂಡೆಗಳೂ ಒಂದೇ ಡೈ ಲಾಟಿನವು, ಅಂದರೆ ಒಟ್ಟಿಗೆ ಬಣ್ಣ ಹಾಕಿದವು ಆಗಿರಲಿ. ನಿಮ್ಮದು ಅಕ್ರಿಲಿಕ್ ಆಗಿದ್ದರೆ ಇಸ್ತ್ರಿ ಹತ್ತಿರ ತರಲೇಬೇಡಿ. ಬಿಸಿ ತಗುಲಿ ಒಮ್ಮೆ ಸತ್ತ ಅಕ್ರಿಲಿಕ್ ಮತ್ತೆ ಪುಟಿಯುವುದಿಲ್ಲ.

ಡಬ್ಲಿನ್‌ನಿಂದ:

ಕೇಬಲ್ ವಿನ್ಯಾಸ (ಕುಣಿಕೆಗಳನ್ನು ಅಡ್ಡಹಾಯಿಸಿ ಹಗ್ಗದಂತೆ ಹೆಣೆಯುವುದು) ಇದೆಯೇ? ವಿನ್ಯಾಸ 12 ಕುಣಿಕೆಗೊಮ್ಮೆ ಮರುಕಳಿಸುವುದಾದರೆ 220ರ ಬದಲು 216 ಹಾಕಿ, ಸರಿಯಾಗಿ 18 ಬಾರಿ ಕೂರುತ್ತದೆ. ನಾಲ್ಕು ಕುಣಿಕೆ ಎಂದರೆ ಎರಡು ಸೆಂ.ಮೀ. ಕೂಡ ಆಗುವುದಿಲ್ಲ. ಆದರೆ ಕೇಬಲ್ ಅಗಲವನ್ನು ಒಳಗೆಳೆಯುತ್ತದೆ, ಅಳೆಯುವ ತುಂಡನ್ನೂ ಕೇಬಲ್‌ನಲ್ಲೇ ಹೆಣೆಯಬೇಕು.

ತಾಳೆ ನೋಡುವುದಕ್ಕೆ ಹೆಣಿಗೆಯ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ ಅವರ ಶೇಕಡಾ ಲೆಕ್ಕವನ್ನು ನಾನು ಸದಾ ಬಳಸುತ್ತೇನೆ. ಎದೆಯ ಕುಣಿಕೆಯನ್ನು ನೂರು ಎಂದುಕೊಂಡರೆ ಮಣಿಕಟ್ಟಿಗೆ ಸುಮಾರು 20, ತೋಳಿನ ಮೇಲ್ಭಾಗಕ್ಕೆ 33, ಕೊರಳಿಗೆ 40. ನಿಮ್ಮ 220ಕ್ಕೆ ಅದು 44, 72, 88 ಆಗುತ್ತದೆ. ದೊಡ್ಡ ಅಳತೆಯಿಂದ ತೆಗೆದ ಸಂಖ್ಯೆಗಳು ಇವುಗಳಿಂದ ತೀರಾ ದೂರ ಹೋಗಿದ್ದರೆ ಒಮ್ಮೆ ನಿಂತು ನೋಡಿ. ಹಾಗೆಯೇ ಮೊದಲು ತೋಳು ಹೆಣೆಯಿರಿ. ಚಪ್ಪಟೆಯಾಗಿ ಹೆಣೆದ ತುಂಡಿಗೂ ಸುತ್ತು ಹೆಣಿಗೆಗೂ ಕೈಯ ಬಿಗಿ ಬೇರೆಯಾಗುವುದುಂಟು. ಇಡೀ ಮೈ ಹೆಣೆದ ಮೇಲೆ ಅದು ತಿಳಿಯುವ ಬದಲು ತೋಳಿನಲ್ಲೇ ತಿಳಿಯಲಿ.

ಕೇಳಿದವರಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಕೇಬಲ್ ಇಲ್ಲ. ತುಂಡು ಒಗೆದು ಅಳೆದೆ: 22 ಕುಣಿಕೆ, 32 ಸಾಲು. ಪ್ಯಾಟರ್ನಿನಲ್ಲಿ 122ರ ಅಳತೆಗೆ ಯೋಕ್ 64 ಸುತ್ತು. ನನಗೆ ಬೇಕಾದ 100ರ ಅಳತೆಗೆ ಯೋಕ್ ಆಳ 22 ಸೆಂ.ಮೀ.

ಮಡಿಕೇರಿಯಿಂದ:

ಹಾಗಾದರೆ 64 ಸುತ್ತಿಗೆ ನಿಮ್ಮ ಯೋಕ್ 20 ಸೆಂ.ಮೀ. ಆಗುತ್ತದೆ. 22ಕ್ಕೆ 70 ಸುತ್ತು ಬೇಕು, ಆರು ಕಡಿಮೆ. ಅವನ್ನು ಕೊನೆಯಲ್ಲಿ ಒಟ್ಟಿಗೆ ಸೇರಿಸಬೇಡಿ, ಕೊರಳು ಮೇಲೆದ್ದು ನಿಲ್ಲುತ್ತದೆ. ತೋಳು ಮತ್ತು ಮೈ ಕೂಡಿದ ನಂತರ ಎರಡು ಸುತ್ತಿಗೊಮ್ಮೆ ಕಳೆಯುವ ಕಡೆ, ಮೊದಲ ಮೂರು ಸಲ ಮಾತ್ರ ನಾಲ್ಕು ಸುತ್ತಿಗೊಮ್ಮೆ ಕಳೆಯಿರಿ. ಆರು ಸುತ್ತು ಅಲ್ಲಿಯೇ ಸಿಗುತ್ತದೆ, ಕಂಕುಳಿಗೂ ಸಡಿಲ ಬರುತ್ತದೆ. ಮುಂದಿನದೆಲ್ಲ ಪ್ಯಾಟರ್ನಿನಲ್ಲಿ ಇದ್ದಂತೆಯೇ.