ಹೊಯ್ಸಳರೂ ಚೋಳರೂ ಒಂದೇ ಕಡೆಯಾ?

ಗುಂಪು: ಹಾಸನದ ಮನೆಮಂದಿ

ಅಣ್ಣ: [ಸ್ಕ್ರೀನ್‌ಶಾಟ್] ರಾಜ್ಯ ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಗೇಮ್ ಏಜ್ ಆಫ್ ಎಂಪೈರ್ಸ್ 2ಕ್ಕೆ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೆಚ್ಚುವರಿ ಭಾಗ ಕೊನೆಗೂ ಹಾಕಿಕೊಂಡೆ. ಮೊದಲು ಇಡೀ ದೇಶಕ್ಕೆ ‘ಇಂಡಿಯನ್ಸ್’ ಅಂತ ಒಂದೇ ಪಂಗಡ ಇತ್ತು. ಈಗ ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕು. ನಾವು ದ್ರಾವಿಡರು, ಉರುಮಿ (ಬಳುಕುವ ಕತ್ತಿ) ಬೀಸುವವರು 😎

ಅಕ್ಕ: ಅದು ಬಂದಿದ್ದು 2022ರಲ್ಲಿ ಕಣೋ. ನಮ್ಮದು ಅಂತ ಏನಿದೆ ಅದರಲ್ಲಿ? ಕಥೆ ರಾಜೇಂದ್ರ ಚೋಳನದ್ದು. ವಂಡರ್ (ಪಂಗಡಕ್ಕೊಂದು ಇರುವ ಮಹಾಕಟ್ಟಡ) ಕಟ್ಟಿದರೆ ಏಳುವುದು ತಂಜಾವೂರಿನ ದೇವಸ್ಥಾನ. 1116ರಲ್ಲಿ ಚೋಳರ ಕೈಯಿಂದ ತಲಕಾಡು ಕಿತ್ತುಕೊಂಡವನು ನಮ್ಮ ಹೊಯ್ಸಳ ರಾಜ ವಿಷ್ಣುವರ್ಧನ. ಗೇಮಿನಲ್ಲಿ ಅವನೂ ಅವರೂ ಒಂದೇ ಬಾವುಟದ ಕೆಳಗೆ!

ಅಣ್ಣ: ಹೆಸರು ಬಿಡು, ಆಟ ನೋಡು. ಏಜ್ (ಆಟದ ಮುಂದಿನ ಯುಗ) ಏರಿದಾಗೆಲ್ಲ 200 ಮರ ಪುಕ್ಕಟೆ, ಕಾಲಾಳು ತಯಾರಾಗುವ ಬ್ಯಾರಕ್ಸಿನ ಅಪ್‌ಗ್ರೇಡ್ ಎಲ್ಲಾ ಅರ್ಧ ಬೆಲೆಗೆ, ಕೊನೆಗೆ ವೂಟ್ಸ್ ಸ್ಟೀಲ್ ಅನ್ನೋ ಅಪ್‌ಗ್ರೇಡ್ ಮಾಡಿಸಿಕೊಂಡರೆ ಎದುರಾಳಿಯ ಆರ್ಮರ್ (ರಕ್ಷಾಕವಚ) ಇದ್ದೂ ಇಲ್ಲದ ಹಾಗೆ. ಮೀನುಗಾರರಿಗೂ ಬೋನಸ್ ಇದೆ.

ನಾನು: ಮೀನು ಹಿಡಿಯೋಕೆ ಹಾಸನಕ್ಕೆ ಸಮುದ್ರ ಎಲ್ಲಿದೆ ಅಣ್ಣಾ? ಗೊರೂರು ಡ್ಯಾಮಿನಲ್ಲಿ ದ್ರಾವಿಡರ ತಿರಿಸಡೈ ಯುದ್ಧ ಹಡಗು ಬಿಡೋಣವಾ 😂

ಚಿಕ್ಕಪ್ಪ: ಇದೇ ಆಟದ 1999ರ ಹಳೆ ಗೇಮಿನಲ್ಲಿ ಹೊಲ ಖಾಲಿಯಾದಾಗೆಲ್ಲ ನಾವೇ ಹೋಗಿ ಮತ್ತೆ ಹಾಕಬೇಕಿತ್ತು. ಯುದ್ಧದ ಮಧ್ಯೆ ಅದು ಮರೆತೇ ಹೋಗುತ್ತಿತ್ತು. ಈಗ ತಾನಾಗಿಯೇ ಬಿತ್ತನೆ ಆಗುತ್ತದೆ. ನನ್ನ ಲೆಕ್ಕದಲ್ಲಿ ಸುಧಾರಣೆ ಅಂದರೆ ಅದು. ಉಳಿದದ್ದು ಸುಮ್ನೆ ಗಲಾಟೆ.

ಅಕ್ಕ: ಸುಮ್ನೆ ಗಲಾಟೆ ಅಲ್ಲ ಚಿಕ್ಕಪ್ಪ. ದ್ರಾವಿಡರಿಗೆ ನೈಟ್ (ಕವಚ ತೊಟ್ಟ ಕುದುರೆ ಸವಾರ) ಇಲ್ಲವೇ ಇಲ್ಲ. ಹಳೇಬೀಡಿನ ಗೋಡೆಯ ಕೆಳಗಿನ ಪಟ್ಟಿಕೆ ನೋಡಿಲ್ಲವಾ? ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಆಮೇಲೆ ಸಾಲಾಗಿ ಕುದುರೆ ಸವಾರರು. ಕುದುರೆ ಕಾಣದವರು ಹಾಗೆ ಕೆತ್ತುತ್ತಾರಾ?

ಚಿಕ್ಕಪ್ಪ: ಕೆತ್ತುವುದು ಬೇರೆ, ಸಾಕುವುದು ಬೇರೆ. ಒಳ್ಳೆಯ ಕುದುರೆ ಅರಬ್ ಕಡೆಯಿಂದ ಹಡಗಿನಲ್ಲೇ ಬರಬೇಕಿತ್ತು. ಬಂದವೂ ಸರಿಯಾಗಿ ನೋಡಿಕೊಳ್ಳುವವರಿಲ್ಲದೆ ಬೇಗ ಸಾಯುತ್ತಿದ್ದವು ಅಂತ ಮಾರ್ಕೋ ಪೋಲೋ ಬರೆದಿದ್ದಾನೆ.

ಅಕ್ಕ: ಅವನು ಬರೆದಿದ್ದು ತಮಿಳು ಕರಾವಳಿಯ ಬಗ್ಗೆ! ನಾನು ಹೇಳುತ್ತಿರುವುದೂ ಅದನ್ನೇ. ಅಲ್ಲಿಯ ಲೆಕ್ಕ ತಂದು ನಮ್ಮ ತಲೆಗೆ ಕಟ್ಟುತ್ತಾರೆ. ದುಬಾರಿ ಅಂದರೆ ದುಬಾರಿ ಮಾಡಲಿ, ಒಂದು ಕುದುರೆಗೆ ಚಿನ್ನ ಜಾಸ್ತಿ ಕೇಳಲಿ. ಪೂರ್ತಿ ತೆಗೆದುಹಾಕುವುದು ಯಾವ ನ್ಯಾಯ?

ನಾನು: ಅಕ್ಕ ಹೇಳಿದ್ದು ಸರಿ. ಚಿನ್ನ ಕೊಟ್ಟು ತರಿಸುವ ಹಾಗಿದ್ದರೆ ಆಟಕ್ಕೂ ಮಜಾ, ಇತಿಹಾಸಕ್ಕೂ ಹತ್ತಿರ.

ಅಣ್ಣ: ಹಾಗಾದರೆ ಪ್ರತಿ ಜಿಲ್ಲೆಗೂ ಒಂದೊಂದು ಕೊಡಬೇಕಾ? ಆಮೇಲೆ ಚಿಕ್ಕಮಗಳೂರಿನವರು ಹೊಯ್ಸಳರ ಮೂಲ ನಮ್ಮ ‘ಅಂಗಡಿ’ ಅನ್ನೋ ಊರು ಅಂತ ಬರುತ್ತಾರೆ.

ಅತ್ತಿಗೆ (ಮೂಡಿಗೆರೆ): ಬಂದೆ. ಮೂಲ ನಮ್ಮದೇ ಅಲ್ವಾ 😌

ದೊಡ್ಡಮ್ಮ: ನಾಳೆ ಸಕಲೇಶಪುರಕ್ಕೆ ಯಾರ್ಯಾರು ಬರುತ್ತೀರಿ ಅಂತ ಬೆಳಿಗ್ಗೆ ಕೇಳಿದ್ದೆ. ಒಬ್ಬರೂ ಉತ್ತರ ಕೊಟ್ಟಿಲ್ಲ.

ಅಣ್ಣ: ನಾವೆಲ್ಲಾ ಬರುತ್ತೇವೆ ದೊಡ್ಡಮ್ಮ 🙏 ಅಕ್ಕಾ, ಶನಿವಾರ ರಾತ್ರಿ ಒಂದು ಆಟ ಆಗಲಿ. ನಾನು ದ್ರಾವಿಡ. ನೀನು?

ಅಕ್ಕ: ಗುರ್ಜರ. ಕುರಿಗಳನ್ನು ಗಿರಣಿಯೊಳಗೆ ಕೂರಿಸಿದರೆ ಆಹಾರ ತಾನಾಗಿ ಬರುತ್ತಿರುತ್ತದೆ, ನಿನ್ನ ಆನೆಗಳನ್ನು ಒಂಟೆಗಳು ನೋಡಿಕೊಳ್ಳುತ್ತವೆ.