ಸೊಂಟ ನೋವಿನ ರಜೆ ಮುಗಿಸಿ ಬರುವವರಿಗೆ ಎಂತ ಕೆಲಸ ಕೊಡುವುದು?

ಬೈಕಂಪಾಡಿ ಪ್ಯಾಕಿಂಗ್:
ನಮ್ಮದು ಸಣ್ಣ ಗೇರುಬೀಜ ಫ್ಯಾಕ್ಟರಿ. ಪ್ಯಾಕಿಂಗ್ ನಾನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿಯ ಒಬ್ಬರು ಅಕ್ಕ ಐದು ವಾರದಿಂದ ಸೊಂಟ ನೋವಿನ ರಜೆಯಲ್ಲಿದ್ದಾರೆ. ಸೋಮವಾರ ಬರ್ತೇನೆ ಅಂದಿದ್ದಾರೆ. ಧಣಿಗಳು "ಪೂರ್ತಿ ಗುಣ ಆದ ಮೇಲೆ ಬರಲಿ, ಇಲ್ಲಿ ಏನಾದರೂ ಆದರೆ ನಮ್ಮ ತಲೆಗೆ" ಅಂತಾರೆ. ಅವರ ಕೆಲಸ ಪೆಟ್ಟಿಗೆ ತುಂಬಿಸಿ, ಟೇಪ್ ಹಚ್ಚಿ, ಜೋಡಿಸುವುದು. ಒಂದರಲ್ಲಿ 22.68 ಕೆಜಿ ಬೀಜ. ಸ್ವಲ್ಪ ದಿನ ಕೂತು ಗ್ರೇಡಿಂಗ್ ಮಾಡಲಿ ಅಂತ ನನ್ನ ಯೋಚನೆ. ಸರಿಯಾ?

ಸುರತ್ಕಲ್ ಫಿಸಿಯೋ:
ಡಾಕ್ಟರ್ ಫಿಟ್ ಅಂದರೆ ಬರಲಿ. ಸಾಮಾನ್ಯ ಸೊಂಟ ನೋವಿಗೆ ಮಲಗಿದಷ್ಟೂ ಬಿಗಿತ ಜಾಸ್ತಿ. ಆದರೆ ದಿನವಿಡೀ ಸ್ಟೂಲಿನ ಮೇಲೆ ಕೂರಿಸಬೇಡಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ಭಾರದ ವಿಷಯಕ್ಕೆ ಬಂದರೆ, ಅಮೆರಿಕದ ನಿಯೋಶ್ (ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರಿ ಸಂಶೋಧನಾ ಸಂಸ್ಥೆ) ಲೆಕ್ಕದಲ್ಲಿ 23 ಕೆಜಿ ಮಿತಿ. ಅದೂ ಪೆಟ್ಟಿಗೆ ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ ಇದ್ದರೆ. ನೆಲದಿಂದ ಎತ್ತುವುದಾದರೆ ಅದೇ ಲೆಕ್ಕ 18ರ ಹತ್ತಿರ ಇಳಿಯುತ್ತದೆ. ಕಾಲಿನ ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ.

ಉಡುಪಿ ಬೈಂಡರ್:
ನನಗೂ ಆಗಿತ್ತು ಮಾರಾಯ್ರೇ. ಪ್ರೆಸ್ಸಿನಲ್ಲಿ ಕಾಗದದ ಬಂಡಲ್ ಎತ್ತುವಾಗ ಕಟಕ್ ಅಂತು. ವಾಪಸ್ ಬಂದಾಗ ಗೇಟಿನ ಹತ್ತಿರ ಕುರ್ಚಿ ಹಾಕಿ, ಕೈಗೊಂದು ರಿಜಿಸ್ಟರ್ ಕೊಟ್ಟರು. ಹೋಗಿ ಬರುವವರೆಲ್ಲ "ಆರಾಮಾ?" ಅಂತ ನಗುವುದು. ಹತ್ತೇ ದಿನ. ಸುಮ್ನೆ ಎದ್ದು ಹೋಗಿ ಕಟಿಂಗ್ ಮೆಷಿನ್ ಹತ್ತಿರ ನಿಂತೆ. ಫೋರ್‌ಮನ್ ಏನೂ ಹೇಳಲಿಲ್ಲ, ಬಂಡಲ್ ಬಿಡಿಸಿ ಅರ್ಧರ್ಧ ಮಾಡಿ ಮೇಜಿನ ಮೇಲೆ ಇಡಿಸಿದರು. ನನಗೆ ಬೇಕಿದ್ದದ್ದು ಅಷ್ಟೇ. ಅಕ್ಕನನ್ನೇ ಕೇಳಿ, ಯಾವಾಗ ಹಿಡಿಯುತ್ತದೆ ಅಂತ. ಮತ್ತೆ ಬಸ್ಸು! ಎಂಟು ಗಂಟೆ ರಶ್ಶಿನಲ್ಲಿ ನೇತಾಡಿಕೊಂಡು ಬಂದರೆ ಗೇಟಿಗೆ ತಲುಪುವಾಗಲೇ ಸೊಂಟ ಹೋಗಿರ್ತದೆ. ಒಂದು ಗಂಟೆ ತಡವಾಗಿ ಬರಲು ಬಿಡಿ.

ಲೆಕ್ಕದ ಮನುಷ್ಯ:
ಇಎಸ್‌ಐ ಉಂಟಲ್ವಾ? ಕಾಯಿಲೆ ರಜೆಗೆ ಸಂಬಳದ 70 ಪರ್ಸೆಂಟ್, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಸೇರುವ ಮೊದಲು ಅಲ್ಲಿನ ಡಾಕ್ಟರರ ಫಿಟ್ ಸರ್ಟಿಫಿಕೇಟ್ ತರಿಸಿ. ಕೆಲಸ ಮಾಡಿದ ದಿನಕ್ಕೆ ಆ ಹಣ ಇಲ್ಲ. ಹಾಗಾಗಿ ಅರ್ಧ ದಿನ ಬರಲಿ ಅನ್ನುವ ಮೊದಲು ಸಂಬಳ ಪೂರ್ತಿಯೋ ಅರ್ಧವೋ ಅಂತ ಧಣಿಗಳ ಬಾಯಲ್ಲೇ ಹೇಳಿಸಿ.

ಬೈಕಂಪಾಡಿ ಪ್ಯಾಕಿಂಗ್:
ಅಕ್ಕನಿಗೆ ಈಗಷ್ಟೇ ಫೋನ್ ಮಾಡಿದೆ. ಎತ್ತುವಾಗ ಅಷ್ಟು ಇಲ್ಲವಂತೆ, ನೆಲಕ್ಕೆ ಬಗ್ಗಿ ಟೇಪ್ ಹಚ್ಚುವಾಗ ಹಿಡಿಯುವುದಂತೆ! ನಾಲ್ಕು ವರ್ಷ ದಿನಾ ನೋಡಿಯೂ ನನಗೆ ಹೊಳೆದಿರಲಿಲ್ಲ. ಗೋಡೌನಿನಲ್ಲಿ ಹಳೇ ಗ್ರೇಡಿಂಗ್ ಮೇಜು ಒಂದು ಉಂಟು, ಕಾಲು ಅಲುಗಾಡ್ತದೆ. ನಾಳೆ ಬಡಗಿಯನ್ನು ಬರಲು ಹೇಳಿದ್ದೇನೆ.